ಏಳು ಸಲ ಕೂತ ದಾರಿ

ಹೋದ ತಿಂಗಳು ನಮ್ಮ ಕಚೇರಿಯಲ್ಲಿ ಒಂದು ಸಂತಾಪ ಸಭೆ ನಡೆಯಿತು. ಎರಡು ವರ್ಷದ ಹಿಂದೆ ನಿವೃತ್ತರಾಗಿದ್ದ ಹೆಣ್ಣುಮಗಳೊಬ್ಬರ ಫೋಟೋಕ್ಕೆ ಹಾರ ಹಾಕಿದರು. ಎಲ್ಲರೂ ಎರಡು ನಿಮಿಷ ಎದ್ದು ನಿಂತೆವು. ಆಮೇಲೆ ಸಾಹೇಬರು ನಾಲ್ಕು ಮಾತಾಡಿದರು. ಬಹಳ ಶಾಂತ ಸ್ವಭಾವದವರು, ಎಲ್ಲರೊಂದಿಗೆ ಹೊಂದಿಕೊಂಡು ಹೋಗುತ್ತಿದ್ದರು, ಕಚೇರಿಗೆ ಸದಾ ಸಹಕಾರ ಕೊಟ್ಟರು ಎಂದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಎದ್ದು "ಸುಳ್ಳು" ಎನ್ನಬೇಕಿತ್ತು, ಎನ್ನಲಿಲ್ಲ. ಸಮೋಸಾ ಕೊಟ್ಟರು, ತಿಂದುಕೊಂಡು ಬಂದೆ.

ಅಲ್ಲಿ ಹೇಳದೆ ನುಂಗಿಕೊಂಡದ್ದನ್ನು ಇಲ್ಲಿ ಹೇಳುತ್ತೇನೆ. ಅವರು ಶಾಂತ ಸ್ವಭಾವದವರಲ್ಲ. ಯಾರೊಂದಿಗೂ ಹೊಂದಿಕೊಂಡು ಹೋಗಲಿಲ್ಲ. ದನಿ ಏರಿಸುತ್ತಿರಲಿಲ್ಲ ಎನ್ನುವುದು ನಿಜ, ಆದರೆ ಅವರ ತಗ್ಗಿದ ದನಿ ಕೇಳಿದರೆ ಸಾಹೇಬರೇ ಕುರ್ಚಿಯಲ್ಲಿ ಮಿಸುಕಾಡುತ್ತಿದ್ದರು. ಇನ್ನು ಸಹಕಾರದ ಮಾತು. ಸಾಹೇಬರು ಬೇಡಿಕೊಂಡ ಒಂದೇ ಒಂದು ಸಹಿ ಹಾಕದೆ, ಕೊನೆಯ ಮೂರು ವರ್ಷ ಹಳೇ ಕಡತಗಳ ಕೋಣೆಯಲ್ಲಿ ಧೂಳು ಕುಡಿದವರಿಗೆ ಸಹಕಾರದ ಬಿರುದು ಕೊಡುವುದೆಂದರೆ ಸತ್ತವರನ್ನು ಇನ್ನೊಮ್ಮೆ ಆ ಕೋಣೆಗೆ ಹಾಕಿದ ಹಾಗೆ.

ಹೆಸರು ಬರೆಯುವುದಿಲ್ಲ. ಕಚೇರಿಯವರು ಮೇಡಂ ಎನ್ನುತ್ತಿದ್ದರು. ನಾನು ಅಕ್ಕ ಎನ್ನುತ್ತಿದ್ದೆ, ಇಲ್ಲಿಯೂ ಅಕ್ಕನೇ ಇರಲಿ.

ನಾನು ಮೈಸೂರು ಕಡೆಯವನು, ಎಂಜಿನಿಯರು. ನಾಗಪುರಕ್ಕೆ ವರ್ಗವಾಗಿ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ರಸ್ತೆ ಬದಿಯಲ್ಲಿ ಟೇಪು ಹಿಡಿದು ಚರಂಡಿ ಅಳೆಯುತ್ತಿದ್ದೆ. ದಿನವಿಡೀ ಹಿಂದಿ ಮಾತಾಡಿದರೂ ಎಣಿಸುವುದು ಮಾತ್ರ ನನಗೆ ಇವತ್ತಿಗೂ ಕನ್ನಡದಲ್ಲೇ. ತುಟಿಯೊಳಗೇ ಎಣಿಸುತ್ತಾ ಹೊರಟಿದ್ದೆ. ಬೆನ್ನ ಹಿಂದಿನಿಂದ ಒಂದು ದನಿ ಬಂತು: "ಹದಿನೇಳು ಆದಮ್ಯಾಗ ಹದಿನೆಂಟ್ರಿ. ಹತ್ತೊಂಬತ್ತಲ್ಲ."

ತಿರುಗಿ ನೋಡಿದರೆ ಒಂದು ಕರೀ ಛತ್ರಿ, ಅದರ ಕೆಳಗೆ ಗಿಡ್ಡನೆಯ ಹೆಂಗಸು. ಹತ್ತಿ ಸೀರೆ, ಕಾಲಿಗೆ ಕ್ಯಾನ್ವಾಸ್ ಬೂಟು, ಹೆಗಲಿಗೆ ಜೋಳಿಗೆಯಂಥ ಚೀಲ.

"ಯಾ ಊರ್ರಿ ನಿಮ್ದು?"

"ಮೈಸೂರು."

"ಅಲ್ಲೆ ಹದಿನೆಂಟು ಇರೂದಿಲ್ಲೇನು?"

ಹೀಗೆ ಪರಿಚಯವಾಯಿತು. ಅವರ ತಂದೆ ವಿಜಯಪುರದ ಕಡೆಯವರು, ಆರ್ಡ್‌ನನ್ಸ್ ಫ್ಯಾಕ್ಟರಿಯ ಕೆಲಸಕ್ಕೆಂದು ಇಲ್ಲಿಗೆ ಬಂದವರು. ಅಕ್ಕ ಹುಟ್ಟಿದ್ದು, ಓದಿದ್ದು, ಮದುವೆಯಾದದ್ದು ಎಲ್ಲ ನಾಗಪುರದಲ್ಲೇ. ಕನ್ನಡ ಮನೆಯಲ್ಲಿ ಕಲಿತ ಮಾತು, ಅಕ್ಷರ ಬರುತ್ತಿರಲಿಲ್ಲ. ಗಂಡ ಬುಟಿಬೋರಿಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. "ನಾವಿಬ್ಬರೂ ಒಂದ ಹೊತ್ತಿಗೆ ಎಚ್ಚರ ಇರೂದು ಐತವಾರ ಅಷ್ಟ. ಅದಕ್ಕ ಸಂಸಾರ ಬರೋಬರ್ ನಡದೈತಿ" ಎನ್ನುತ್ತಿದ್ದರು.

ಬೇರೆಯವರ ಊಟದ ಡಬ್ಬಿಯ ಮೇಲೆ ಅವರಿಗೆ ಪೂರ್ತಿ ಹಕ್ಕಿತ್ತು. ಕೇಳದೆ ತೆಗೆದು ತಿನ್ನುವುದು, ತಿಂದಮೇಲೆ ತಪ್ಪು ಹೇಳುವುದು. ನನ್ನ ಹೆಂಡತಿಯ ಸಾರು ಅವರ ಬಾಯಲ್ಲಿ ಹದಿನೈದು ವರ್ಷ ಪಾಸಾಗಲಿಲ್ಲ. ಕಿರಿಯರು ವರದಿಯಲ್ಲಿ ತಪ್ಪು ಮಾಡಿದರೆ ಎಲ್ಲರೆದುರೇ ಓದಿ ಮಾನ ಕಳೆಯುತ್ತಿದ್ದರು. ಒಂದೆರಡು ಸಲ ಅಳಿಸಿದ್ದೂ ಉಂಟು. ಇದನ್ನೆಲ್ಲ ಮುಚ್ಚಿಡುವುದಿಲ್ಲ, ಹಾರ ಹಾಕಿದ ಫೋಟೋ ನನಗೆ ಬೇಕಾಗಿಲ್ಲ.

ಅವರ ಕೆಲಸ ಏನೆಂದು ಹೇಳಬೇಕು. ನಮ್ಮ ಕಚೇರಿ ಸಾರ್ವಜನಿಕ ಕಾಮಗಾರಿಗಳ ನಕ್ಷೆ, ಅಂದಾಜು, ವರದಿ ಮಾಡಿಕೊಡುತ್ತದೆ. ರಸ್ತೆ, ಉದ್ಯಾನ, ಮಾರುಕಟ್ಟೆ, ಏನೇ ಆಗಲಿ ಪ್ರತಿ ಕಡತದಲ್ಲೂ ಒಂದು ನಮೂನೆ ಇರುತ್ತದೆ. ಈ ಕಾಮಗಾರಿಯಿಂದ ಹೆಂಗಸರ ಮೇಲೆ ಪರಿಣಾಮ ಏನು, ಮುದುಕರ ಮೇಲೆ ಏನು, ಅಂಗವಿಕಲರ ಮೇಲೆ ಏನು, ಬಡವರ ಮೇಲೆ ಏನು? ಎಲ್ಲರಿಗೂ ಸಮನಾಗಿ ಸಿಗುತ್ತದೆಯೇ, ಅಥವಾ ಕೆಲವರಿಗೆ ಸಿಕ್ಕು ಕೆಲವರಿಂದ ಕಿತ್ತುಕೊಳ್ಳುತ್ತದೆಯೇ? ಪ್ರತಿ ಸಾಲಿನ ಮುಂದೆ ಒಂದು ಖಾಲಿ ಜಾಗ. ಅದನ್ನು ತುಂಬಿ ಸಹಿ ಮಾಡುವುದು ಅಕ್ಕನ ಕೆಲಸ, ಜೊತೆಗೆ ಎಂಜಿನಿಯರನ ಸಹಿಯೂ ಬೇಕು. ಅಕ್ಕ ಆ ಕುರ್ಚಿಗೆ ಬರುವ ಮುಂಚೆ ಅಲ್ಲೆಲ್ಲ ಒಂದೇ ಮಾತು ಇರುತ್ತಿತ್ತು: ಇಲ್ಲ. ಪರಿಣಾಮ ಇಲ್ಲ, ಪರಿಣಾಮ ಇಲ್ಲ, ಪರಿಣಾಮ ಇಲ್ಲ. ಹಳೇ ಕಡತದಿಂದ ಎತ್ತಿ ಹೊಸ ಕಡತಕ್ಕೆ ಅಂಟಿಸುವುದು, ಮುಗಿಯಿತು.

ಒಮ್ಮೆ ಒಬ್ಬರು ಅಂಟಿಸುವಾಗ ಪೂರಾ ಪುಟ ಅಂಟಿಸಿಬಿಟ್ಟಿದ್ದರು. ಸಿಮೆಂಟು ರಸ್ತೆಯೊಂದರ ವರದಿಯಲ್ಲಿ "ಮಕ್ಕಳ ಉಯ್ಯಾಲೆಗಳನ್ನು ಪೂರ್ವ ದಿಕ್ಕಿನಲ್ಲಿ ಇರಿಸಲಾಗಿದೆ" ಎಂದಿತ್ತು. ಮೂರು ಮೇಜು ದಾಟಿ, ಮೂರು ಸಹಿ ಬಿದ್ದು ಬಂದ ಕಾಗದ ಅದು. ಅಕ್ಕ ತುಂಬಿದ ಸಭೆಯಲ್ಲಿ ಅದನ್ನು ಓದಿ, ಕನ್ನಡಕ ತೆಗೆದು, ಸಾಹೇಬರನ್ನು ಕೇಳಿದರು. ಸಾಹೇಬರೊಂದಿಗೆ ಅವರದು ಹಿಂದಿ, ನಾನು ಕನ್ನಡದಲ್ಲಿ ಕೊಡುತ್ತಿದ್ದೇನೆ: "ಸಾಹೇಬ್, ಲಾರಿ ಓಡಾಡುವ ರಸ್ತೆಯಲ್ಲಿ ಉಯ್ಯಾಲೆ ಇದೆಯಂತೆ. ಮೊದಲು ನೀವು ಕೂತು ತೋರಿಸಿ, ಆಮೇಲೆ ಸಹಿ ಮಾಡುತ್ತೇನೆ." ಯಾರೂ ನಗಲಿಲ್ಲ. ಊಟದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಎಲ್ಲರೂ ನಕ್ಕೆವು.

ಅವರ ಅಳತೆಯೇ ಬೇರೆ. ನಾವು ಟೇಪಿನಲ್ಲಿ ಅಳೆದ ದಾರಿಯನ್ನು ಅವರು ಕೂತು ಏಳುವುದರಲ್ಲಿ ಅಳೆಯುತ್ತಿದ್ದರು. ಕಾಮಗಾರಿ ಎಲ್ಲಿಯೇ ಇರಲಿ, ಆ ದಾರಿಯಲ್ಲಿ ದಿನಾ ಓಡಾಡುವವರಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರು ಎಂದು ವಿಚಾರಿಸುವುದು. ಅವರನ್ನು ನಡೆಯಲು ಬಿಟ್ಟು ತಾವು ಹಿಂದೆ ಹೋಗುವುದು. ಅವರು ಎಲ್ಲಿ ಕೂತರೋ ಅಲ್ಲಿ ಚೀಲದಿಂದ ಚಾಕ್‌ಪೀಸು ತೆಗೆದು ನೆಲದ ಮೇಲೆ ಒಂದು ಗೀಟು. ಆಮೇಲೆ ವರದಿಯಲ್ಲಿ ಬರೆಯುವುದು: ದವಾಖಾನೆಗೆ ನಾಲ್ಕು ಕೂತು. ನೀರಿನ ನಲ್ಲಿಗೆ ಎರಡು ಕೂತು. ಕಚೇರಿಯವರು ಇದನ್ನು ಆಡಿಕೊಳ್ಳುತ್ತಿದ್ದರು. ಕ್ಯಾಂಟೀನಿಗೆ ಎಷ್ಟು ಕೂತು ಮೇಡಂ, ಎಂದು ಕೇಳುವುದು. "ನಿಮಗ ಕುರ್ಚಿ ಬಿಟ್ಟು ಏಳೂದ ಗೊತ್ತಿಲ್ಲ, ಲೆಕ್ಕ ಹೆಂಗ ಹೇಳ್ಲಿ" ಎಂದು ಅಕ್ಕ ನನ್ನ ಕಡೆ ನೋಡಿ ಕನ್ನಡದಲ್ಲಿ ಗೊಣಗುವುದು.

ಮೊದಲ ಸಲ ಜೊತೆಗೆ ಹೋದಾಗ ನಾನು ಮುಂದೆ ನಡೆದಿದ್ದೆ. ತೋಳು ಹಿಡಿದು ಹಿಂದಕ್ಕೆ ಎಳೆದರು.

"ಹಿಂದ ನಡಿ ತಮ್ಮಾ. ನೀ ಮುಂದ ನಡದ್ರ ಅವರು ನಿನ್ನ ಸಲುವಾಗಿ ಜಲ್ದಿ ಬರ್ತಾರ. ಅದು ಅವರ ನಡಗಿ ಅಲ್ಲ, ನಿನ್ನ ಮರ್ಯಾದಿ."

ಈ ಮಾತು ನನ್ನ ಎಂಜಿನಿಯರಿಂಗ್ ಪುಸ್ತಕ ಯಾವುದರಲ್ಲೂ ಇರಲಿಲ್ಲ.

ಅವರ ಸಿಟ್ಟಿನ ಬೇರು ಎಲ್ಲಿದೆ ಎಂದು ನನಗೆ ತಿಳಿದದ್ದು ಒಂದು ಮಧ್ಯಾಹ್ನ. ಏನೋ ಕೊಳ್ಳಲು ಗಾಂಧಿಬಾಗ್ ಕಡೆಗೆ ಹೋಗಿದ್ದೆವು. ಬರುವಾಗ ಆಟೋದವನಿಗೆ ಬೇರೆ ದಾರಿ ಹೇಳಿ, ಒಂದು ಸಣ್ಣ ತರಕಾರಿ ಮಾರುಕಟ್ಟೆಯ ಹಿಂದೆ ಇಳಿಸಿದರು. ಅಲ್ಲಿ ಹೆಂಗಸರ ಶೌಚಾಲಯವೊಂದಿತ್ತು. ಬಾಗಿಲು ತೆಗೆದೇ ಇತ್ತು, ಒಳಗೆ ಸೂರು ಮುಟ್ಟುವಷ್ಟು ಈರುಳ್ಳಿ ಮೂಟೆ.

"ಇದು ನಂದು" ಎಂದರು. "ನೌಕರಿಗೆ ಸೇರಿದ ವರ್ಷ ಮಾಡಿಸಿದ್ದು. ಮುಂದ ರಸ್ತೆ ಮ್ಯಾಲ ಬ್ಯಾಡ, ಹಿಂದ ಸಂದ್ಯಾಗ ಮರ್ಯಾದಿಯಿಂದ ಇರ್ಲಿ ಅಂತ ನಾನ ಹೇಳಿದ್ದೆ. ಹೆಂಗಸರಿಗೆ ಪರಿಣಾಮ ಚಲೋ ಅಂತ ಬರದು ಸಹಿ ಮಾಡಿದ್ದೆ. ಸಂದ್ಯಾಗ ಕತ್ತಲಿ ಇರ್ತೈತಿ, ಗಂಡಸರು ಕುಡದು ನಿಂತಿರ್ತಾರ, ಯಾರೂ ಬರೂದಿಲ್ಲ ಅಂತ ತರಕಾರಿ ಮಾರೋ ಹೆಂಗಸರನ ಕೇಳಿದ್ರ ಒಂದ ನಿಮಿಷದಾಗ ಹೇಳ್ತಿದ್ರು. ನಾ ಹೆಂಗಸಲ್ಲೇನು, ನನಗ ಗೊತ್ತಿಲ್ಲೇನು ಅಂದ್ಕೊಂಡಿದ್ದೆ. ಕೇಳ್ಲಿಲ್ಲ."

ವರ್ಷಕ್ಕೆರಡು ಸಲವಾದರೂ ಬಂದು ಆ ಈರುಳ್ಳಿ ಮೂಟೆಗಳನ್ನು ನೋಡಿಕೊಂಡು ಹೋಗುತ್ತಿದ್ದರಂತೆ. ದೇವರ ದರ್ಶನಕ್ಕೂ ಅಷ್ಟು ತಪ್ಪದೆ ಹೋದವರಲ್ಲ ಅವರು.

ಇನ್ನು ಆ ರಸ್ತೆಯ ಕಥೆ. ಸಾಹೇಬರ ಭಾಷಣದಲ್ಲಿ ಬರದೇ ಹೋದದ್ದು ಅದೇ.

ಊರಿನ ಹೊರವಲಯದ ಒಂದು ರಸ್ತೆಯನ್ನು ಅಗಲ ಮಾಡುವ ಕೆಲಸ ಬಂತು. ರಸ್ತೆಯ ಒಂದು ಬದಿಗೆ ಬಸ್ತಿ, ತಗಡಿನ ಮನೆಗಳು. ಇನ್ನೊಂದು ಬದಿಗೆ ದೊಡ್ಡಾಸ್ಪತ್ರೆಯ ಗೇಟು. ಬಸ್ತಿಯವರು ನೇರ ಅಡ್ಡ ದಾಟಿ ಆಸ್ಪತ್ರೆಗೆ, ರೇಷನ್ ಅಂಗಡಿಗೆ, ಬಸ್ಸಿಗೆ ಹೋಗುತ್ತಿದ್ದರು. ಹೊಸ ನಕ್ಷೆಯಲ್ಲಿ ರಸ್ತೆಯ ನಡುವೆ ಎತ್ತರದ ಡಿವೈಡರು, ಎಲ್ಲೂ ತೆರಪಿಲ್ಲ. ದಾಟಬೇಕಾದವರು ಮುಂದಿನ ತಿರುವಿನವರೆಗೆ ಹೋಗಿ ಸುತ್ತಿ ಬರಬೇಕು. ನಕ್ಷೆ ಬರೆದವನು ನಾನು. "ಸುತ್ತು ದಾರಿ: ಎರಡು ನಿಮಿಷ" ಎಂದು ಬರೆದವನೂ ನಾನೇ.

ಅಕ್ಕ ಕಾಗದದಿಂದ ತಲೆ ಎತ್ತಲಿಲ್ಲ. "ಎರಡು ನಿಮಿಷ ಹೆಂಗ ಬಂತು?"

"ಅಳೆದು ನೋಡಿದೆ ಅಕ್ಕ."

"ನಡದೇನು?"

ಸ್ಕೂಟರಿನಲ್ಲಿ ಹೋಗಿ ಅಳೆದಿದ್ದೆ.

ಮರುದಿನ ಬೆಳಿಗ್ಗೆ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದರು. ಆಸ್ಪತ್ರೆಯ ಗೇಟಿನಲ್ಲಿ ಒಬ್ಬ ಹೆಂಗಸು ಠೇಲಾ, ಅಂದರೆ ತಳ್ಳುಗಾಡಿ, ನಿಲ್ಲಿಸಿಕೊಂಡು ತರ್ರಿ ಪೋಹೆ ಮಾರುತ್ತಿದ್ದರು. ಅವಲಕ್ಕಿಯ ಮೇಲೆ ಕೆಂಪಗೆ ಖಾರದ ರಸ ಸುರಿದು ಕೊಡುವ, ಈ ಊರು ಬೆಳಿಗ್ಗೆ ಎದ್ದು ಮೊದಲು ಹುಡುಕುವ ತಿಂಡಿ. ಎಲ್ಲರೂ ಆಕೆಯನ್ನು ಮಾವಶಿ ಎನ್ನುತ್ತಿದ್ದರು, ಚಿಕ್ಕಮ್ಮ ಎಂದ ಹಾಗೆ. ಅರವತ್ತರ ಹತ್ತಿರದ ವಯಸ್ಸು, ಒಂದು ಮೊಣಕಾಲು ಮಡಚುತ್ತಿರಲಿಲ್ಲ. ಬಸ್ತಿಯಲ್ಲಿ ಮನೆ. ರೋಗಿಗಳ ಕಡೆಯವರೇ ಗಿರಾಕಿಗಳು, ಆ ಗೇಟು ಬಿಟ್ಟರೆ ಮಾವಶಿಗೆ ವ್ಯಾಪಾರವೇ ಇಲ್ಲ.

ಅಕ್ಕ ಯಾರನ್ನೂ "ನಿಮ್ಮ ಅಭಿಪ್ರಾಯ ಏನು" ಎಂದು ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ಜನ ಕೈಮುಗಿದು "ಎಲ್ಲ ಚೆನ್ನಾಗಿದೆ" ಎನ್ನುತ್ತಾರೆ ಎನ್ನುವುದು ಅವರ ಅನುಭವ. ಒಂದು ಪ್ಲೇಟು ತಿಂದು, ಇನ್ನಷ್ಟು ತರ್ರಿ ಹಾಕಿಸಿಕೊಂಡು, ಮರಾಠಿಯಲ್ಲಿ ಕೇಳಿದರು: "ಮಾವಶಿ, ಬೆಳಿಗ್ಗೆ ಮನೆಯಿಂದ ಹೊರಟಮೇಲೆ ಮೊದಲು ಎಲ್ಲಿ ಕಾಲು ನೋಯುತ್ತದೆ?"

ಮಾವಶಿ ನಕ್ಕುಬಿಟ್ಟರು. ಈ ಪ್ರಶ್ನೆಯನ್ನು ಆಸ್ಪತ್ರೆಯ ಡಾಕ್ಟರೂ ಕೇಳಿರಲಿಲ್ಲವಂತೆ.

ವ್ಯಾಪಾರ ಮುಗಿದಮೇಲೆ ಮಾವಶಿ ಠೇಲಾ ತಳ್ಳಿಕೊಂಡು, ಡಿವೈಡರು ಬಂದರೆ ಹಿಡಿಯಬೇಕಾದ ಸುತ್ತು ದಾರಿಯಲ್ಲಿ ಹೊರಟರು. ನಾವು ಹಿಂದೆ. ಮೇ ತಿಂಗಳು, ನಾಗಪುರದ ಮೇ. ಮಾವಶಿ ಮೊದಲು ಕೂತದ್ದು ಒಂದು ಟೈರಿನ ಅಂಗಡಿಯ ಮುಂದೆ. ಅಕ್ಕ ಗೀಟು ಎಳೆದರು. ನಾಲ್ಕನೆಯ ಗೀಟಿನ ಹತ್ತಿರ ನಾನೂ ಕೂತೆ. "ನಿಂದು ಲೆಕ್ಕಕ್ಕಿಲ್ಲ, ಏಳು" ಎಂದರು ಅಕ್ಕ. ಬಸ್ತಿಯ ಬಾಯಿ ಮುಟ್ಟುವಾಗ ನೆಲದ ಮೇಲೆ ಏಳು ಗೀಟು ಬಿದ್ದಿದ್ದವು. ಮಾವಶಿ ಅಕ್ಕನನ್ನು ಮರಾಠಿ ರೂಢಿಯಂತೆ ಬಾಯಿ, ಅಂದರೆ ಅಮ್ಮ, ಎನ್ನುತ್ತಿದ್ದರು. ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: "ಒಂದು ದಿನ ಅಂದರೆ ಆದೀತು ಬಾಯಿ. ದಿನಾ ಅಂದರೆ ಈ ಕಾಲು ಬರುವುದಿಲ್ಲ ಅನ್ನುತ್ತದೆ."

ಅಕ್ಕ ನಮೂನೆ ತುಂಬಿದರು. ಎಲ್ಲ ಸಾಲಿನ ಮುಂದೆಯೂ "ಇದೆ". ಕೆಳಗೆ ಮರಾಠಿಯಲ್ಲಿ ಎರಡೇ ಸಾಲು: ಸುತ್ತು ದಾರಿ ಏಳು ಕೂತು. ಆಸ್ಪತ್ರೆಯ ಗೇಟಿನೆದುರು ಡಿವೈಡರಿನಲ್ಲಿ ತೆರಪು ಬಿಡಬೇಕು, ದಾಟುವವರಿಗೆ ಸಿಗ್ನಲ್ ಬೇಕು.

ಸಾಹೇಬರು ಕರೆಸಿದರು. ನಾನೂ ಜೊತೆಗಿದ್ದೆ.

"ಮೇಡಂ, ಅಹವಾಲು ಸಭೆ ಆಗಿದೆಯಲ್ಲ. ಯಾರೂ ಆಕ್ಷೇಪ ಮಾಡಿಲ್ಲ."

"ಬುಧವಾರ ಹನ್ನೊಂದು ಗಂಟೆಗೆ, ಎಸಿ ಹಾಲಿನಲ್ಲಿ ಮಾಡಿದಿರಿ ಸಾಹೇಬ್. ಆ ಹೊತ್ತಿಗೆ ಬಸ್ತಿಯ ಹೆಂಗಸರು ಬೇರೆಯವರ ಮನೆಯ ಪಾತ್ರೆ ತಿಕ್ಕುತ್ತಿರುತ್ತಾರೆ. ಹಾಜರಿ ಪಟ್ಟಿಯಲ್ಲಿ ಒಂದು ಹೆಣ್ಣಿನ ಹೆಸರು ತೋರಿಸಿ, ಸಹಿ ಮಾಡುತ್ತೇನೆ."

"ಒಬ್ಬಳು ಪೋಹೆವಾಲಿಗೋಸ್ಕರ ರಸ್ತೆ ನಿಲ್ಲಿಸುವುದೇ?"

"ರಸ್ತೆ ನಿಲ್ಲಿಸಿ ಎಂದು ನಾನು ಬರೆದಿಲ್ಲ. ಆಕೆಯನ್ನು ನಿಲ್ಲಿಸಬೇಡಿ ಎಂದು ಬರೆದಿದ್ದೇನೆ."

ಸಾಹೇಬರು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ತೆಗೆದು, ಹೇಳಿದರು: "ಕೂತು ಏಳುವುದು ಯಾವ ಯೂನಿಟ್ಟು ಮೇಡಂ? ಯಾವ ಕೈಪಿಡಿಯಲ್ಲಿದೆ? 'ಇಲ್ಲ' ಅಂತ ಬರೆದು ಕೊಡಿ. ಕೆಲಸ ಮುಂದೆ ಹೋಗಲಿ."

"ಯಾರನ್ನೂ ಕೇಳದೆ ಒಮ್ಮೆ ಸಹಿ ಮಾಡಿದ್ದೆ ಸಾಹೇಬ್. ಅದರ ಈರುಳ್ಳಿ ಇನ್ನೂ ವಾಸನೆ ಹೊಡೆಯುತ್ತಿದೆ." ಸಾಹೇಬರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಒಂದು ವಾರದೊಳಗೆ ಅಕ್ಕನನ್ನು ಕಡತಗಳ ಕೋಣೆಗೆ ಹಾಕಿದರು. ಹೊಸದೊಂದು ನಮೂನೆ ತಯಾರಾಯಿತು, ಎಲ್ಲ ಕಡೆ "ಇಲ್ಲ". ಅಕ್ಕನ ಜಾಗದಲ್ಲಿ ತಾತ್ಕಾಲಿಕವಾಗಿ ಬೇರೊಬ್ಬರು ಸಹಿ ಮಾಡಿದರು. ಎಂಜಿನಿಯರನ ಜಾಗದಲ್ಲಿ ನಾನು ಮಾಡಿದೆ.

ಇದನ್ನು ಬರೆಯದೆ ಈ ಚಿತ್ರ ಮುಗಿಸುವ ಹಾಗಿಲ್ಲ. ಬಡ್ತಿಯ ಸಮಯವಾಗಿತ್ತು, ಮಗಳ ಕಾಲೇಜಿತ್ತು, ಹೀಗೆ ನೆಪಗಳು ಸಾಲಾಗಿ ನಿಂತಿದ್ದವು. ಏಳು ಗೀಟು ಕಣ್ಣಾರೆ ಕಂಡವನು ನಾನು, ನಾಲ್ಕನೆಯದರ ಹತ್ತಿರ ಕೂತವನು. ಆದರೂ ಸಹಿ ಹಾಕಿದೆ. ನಾಚಿಕೆಯಾಗುತ್ತದೆ.

ಹೇಳಲು ಕಡತಗಳ ಕೋಣೆಗೆ ಹೋದೆ. ಅಕ್ಕ ಬಾಯಿಗೆ ಸೆರಗು ಕಟ್ಟಿಕೊಂಡು ಧೂಳು ಕೊಡವುತ್ತಿದ್ದರು. ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ.

"ಹಸಿವಾಗೈತಿ" ಎಂದರು. "ಡಿವೈಡರು ಕಟ್ಟಿದಮ್ಯಾಗ ವಾರಕ್ಕೊಮ್ಮೆ ನನಗ ಮಾವಶಿ ಪೋಹೆ ತಂದು ಕೊಡು. ಆಸ್ಪತ್ರಿ ಕಡೆ ಬಸ್ಸಿಳಿದು ನಡಕೋತ ಹೋಗಿ ತರಬೇಕು. ಸ್ಕೂಟರ್ ಬ್ಯಾಡ."

ಡಿವೈಡರು ಎದ್ದಿತು. ಮಾವಶಿಯ ಠೇಲಾ ಬಸ್ತಿಯ ಬಾಯಲ್ಲೇ ನಿಂತಿತು. ಅಲ್ಲಿ ಪೋಹೆ ಕೊಳ್ಳುವವರು ಯಾರು? ಹಾಗಾಗಿ ಬೆಳಿಗ್ಗೆ ಒಂದು ಸ್ಟೀಲಿನ ಡಬ್ಬಿಯಲ್ಲಿ ಆದಷ್ಟು ತುಂಬಿಕೊಂಡು, ಮಡಚದ ಕಾಲನ್ನು ಕೈಯಿಂದ ಎತ್ತಿ ಡಿವೈಡರಿನ ಮೇಲಿಟ್ಟು, ಲಾರಿಗಳ ನಡುವೆ ದಾಟಿ ಗೇಟಿಗೆ ಹೋಗತೊಡಗಿದರು. ಪೋಲೀಸರು ಕಂಡರೆ ಗದರುತ್ತಿದ್ದರು. ನಾನು ಮೂರು ವರ್ಷ ವಾರಕ್ಕೊಮ್ಮೆ ಆ ಸುತ್ತು ದಾರಿಯಲ್ಲಿ ನಡೆದು ಪೊಟ್ಟಣ ತಂದೆ. ಅಕ್ಕ ತೆಗೆದು, ಒಂದು ತುತ್ತು ತಿಂದು, ಪ್ರತಿ ಸಲವೂ ಅದೇ ಮಾತು: "ಆರಿ ಹೋಗೈತಿ. ದಾರಿ ಭಾಳ ದೂರ ಕಾಣ್ತೈತಿ." ಸಾಹೇಬರಿಗೆ ಅಲ್ಲಿಂದಲೇ ತೆರಪು ಬೇಕೆಂದು ಪತ್ರದ ಮೇಲೆ ಪತ್ರ. ನಿವೃತ್ತಿಯ ದಿನ ಶಾಲು ಹೊದಿಸಿದಾಗಲೂ ಒಂದು ಪತ್ರ ಕೈಗಿಟ್ಟೇ ಹೋದರು.

ಸಂತಾಪ ಸಭೆಯಾದ ವಾರಕ್ಕೇ ನನ್ನ ಮೇಜಿಗೆ ಒಂದು ಕಡತ ಬಂತು. ಅದೇ ರಸ್ತೆಯ ಎರಡನೇ ಹಂತ. ಜನ ಡಿವೈಡರು ಹತ್ತಿ ದಾಟುತ್ತಿದ್ದಾರೆ, ಅಪಾಯ, ಆದ್ದರಿಂದ ಅದರ ಮೇಲೆ ಆಳೆತ್ತರದ ಕಬ್ಬಿಣದ ಜಾಲರಿ. ಅಕ್ಕನ ಹುದ್ದೆ ಖಾಲಿಯೇ ಇರುವುದರಿಂದ ಈಗ ಎರಡೂ ಸಹಿ ನನ್ನದೇ. ನಮೂನೆಯಲ್ಲಿ "ಇಲ್ಲ"ಗಳು ಮೊದಲೇ ತುಂಬಿ ಬಂದಿದ್ದವು.

ಸೀತಾಬರ್ಡಿ ಪೇಟೆಗೆ ಹೋಗಿ ಒಂದು ಡಬ್ಬಿ ಚಾಕ್‌ಪೀಸು ಕೊಂಡೆ.

ಬಸ್ತಿಯ ಬಾಯಲ್ಲಿ ಠೇಲಾದ ಹತ್ತಿರವಿದ್ದ ಮಾವಶಿಗೆ ಅಕ್ಕ ಹೋದ ಸುದ್ದಿ ಗೊತ್ತಿರಲಿಲ್ಲ. ಹೇಳಿದೆ. ಅವರು ಸೌಟು ಕೆಳಗಿಟ್ಟು ಅತ್ತರು. "ಕಾಲು ಎಲ್ಲಿ ನೋಯುತ್ತದೆ ಎಂದು ಕೇಳಿದ ಬಾಯಿ" ಎಂದರು. ಜಾಲರಿಯ ವಿಷಯವನ್ನೂ ಹೇಳಿದೆ. ಆಗ ಅಳು ನಿಂತಿತು. ಡಬ್ಬಿ ಹೊತ್ತು ದಾಟುವುದೂ ಹೋದರೆ ಗೇಟು ಪೂರಾ ಹೋಯಿತು ಎಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನನ್ನ ಕೈಯಲ್ಲಿದ್ದ ಚಾಕ್‌ಪೀಸು ನೋಡಿದರು.

"ಚಲ್, ಅಳೆ" ಎಂದರು. ನಾನು ಬೇಡವೆಂದರೂ ಕೇಳದೆ ಠೇಲಾದ ಗಾಲಿಯ ಕಲ್ಲು ತೆಗೆದರು.

ನಾನು ಹಿಂದೆ ನಡೆದೆ. ತುಟಿಯೊಳಗೇ ಎಣಿಸಿದೆ, ಕನ್ನಡದಲ್ಲೇ, ಯಾವ ಅಂಕಿಯನ್ನೂ ಹಾರಿಸದೆ. ಬಸ್ತಿ ಕಣ್ಣಿಗೆ ಮರೆಯಾಗುವ ಮುಂಚೆಯೇ ಮೊದಲ ಗೀಟು ಬಿತ್ತು. ವಯಸ್ಸು ಮಾವಶಿಯನ್ನು ಬಿಟ್ಟಿರಲಿಲ್ಲ. ಕೊನೆಗೆ ಒಂಬತ್ತು ಗೀಟು.

"ಇಲ್ಲ"ಗಳನ್ನು ಹೊಡೆದು ಹಾಕಿ ಪ್ರತಿ ಸಾಲಿಗೂ "ಇದೆ" ಎಂದು ಬರೆದೆ. ಸುತ್ತು ದಾರಿ ಒಂಬತ್ತು ಕೂತು, ಗೇಟಿನೆದುರು ತೆರಪು ಬಿಡದೆ ಜಾಲರಿ ಹಾಕಕೂಡದು ಎಂದು ಬರೆದೆ. ಎರಡೂ ಕಡೆ ಸಹಿ ಮಾಡಿದೆ.

ನಾಲ್ಕು ದಿನಕ್ಕೆ ಕಡತ ವಾಪಸು ಬಂತು. ಮೇಲೆ ಸಾಹೇಬರ ಕೈಬರಹ: "ತಪ್ಪಿದೆ. ತಿದ್ದಿ ಸಲ್ಲಿಸಿ."

ಅಕ್ಕನ ಕೈಕೆಳಗೆ ಕಲಿತವನು, ಮೇಜಿನ ಮೇಲೆ ಕೂತು ತಿದ್ದುವುದು ಹೇಗೆ? ಮತ್ತೆ ಬಸ್ತಿಗೆ ಹೋದೆ. ಈ ಸಲ ಮಾವಶಿ ಮನೆಗೆ ಮರಳುವ ಮಧ್ಯಾಹ್ನದ ಹೊತ್ತಿನಲ್ಲಿ, ಬಿಸಿಲಿನಲ್ಲಿ ಅಳೆದೆವು. ಸಾಹೇಬರು ಹೇಳಿದ್ದು ಸರಿ, ನನ್ನ ಅಂಕಿಯಲ್ಲಿ ತಪ್ಪಿತ್ತು.

ಇವತ್ತು ಬೆಳಿಗ್ಗೆ ತಿದ್ದಿ ಸಲ್ಲಿಸಿದ್ದೇನೆ. ಒಂಬತ್ತು ಎಂದಿದ್ದ ಕಡೆ ಹತ್ತು ಎಂದು ಮಾಡಿದ್ದೇನೆ.